ಬುಗುರಿಯ ಕೈ ಹೇಳಿದ್ದು

"ನೆಕ್ಸ್ಟ್!"

ಪೀ... ಎಂದು ಸೀಟಿ ಕೂಗಿತು.

ಬುಗುರಿ ಈಜುಕೊಳದ ಅಂಚಿನ ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಗಲ್ಲದವರೆಗೆ ನೀರು. ತಳದ ನೀಲಿ ಟೈಲ್ಸ್ ಅಲುಗಾಡುತ್ತಿದ್ದವು. ಆಚೆ ಗೋಡೆ ಎಂದಿಗಿಂತ ದೂರ ಹೋಗಿ ಕೂತ ಹಾಗಿತ್ತು.

"ಹೊರಡಮ್ಮಾ ಬುಗುರಿ! ಹಿಂದೆ ಟ್ರಾಫಿಕ್ ಜಾಮ್ ಆಗ್ತಿದೆ!" ಎಂದರು ಸೀಟಿ ಸರ್. ಈಜು ಕಲಿಸುವ ಈ ಮೇಷ್ಟ್ರ ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಮಲಗುವಾಗಲೂ ಅವರು ಅದನ್ನು ತೆಗೆಯುವುದಿಲ್ಲವೆಂದು ಮಕ್ಕಳಲ್ಲಿ ಗುಲ್ಲು.

ದಡದ ಮೇಲೆ ಇಡೀ ಕ್ಲಾಸು ಸಾಲಾಗಿ ನಿಂತಿತ್ತು. ಯಾರೋ ಕಿಸಕ್ಕೆಂದರು.

ಬುಗುರಿಯ ಹೊಟ್ಟೆಯೊಳಗೆ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಒಂದು ಸಲ ಹಿಂಡಿ ಬಿಡಲಿಲ್ಲ, ಹಿಂಡುತ್ತಲೇ ಇತ್ತು.

"ಸರ್, ಹೊಟ್ಟೆ ನೋವು."

ಸರ್ ನಿಟ್ಟುಸಿರು ಬಿಟ್ಟು ಬೆಂಚಿನ ಕಡೆ ಕೈ ತೋರಿಸಿದರು. ಬುಗುರಿ ಟವೆಲ್ ಹೊದ್ದು ಕೂತಳು. ಆ ಬೆಂಚಿಗೂ ಅವಳಿಗೂ ಈಚೆಗೆ ಒಳ್ಳೇ ಪರಿಚಯ.

ಕೂತಲ್ಲಿ ಕೂರದೆ ಗಿರಗಿರ ತಿರುಗುತ್ತಾಳೆಂದು ತೊಟ್ಟಿಲು ಬಿಟ್ಟ ದಿನದಿಂದ ಅವಳಿಗೆ ಬುಗುರಿ ಎಂದು ಹೆಸರು. ಈಗ ನೋಡಿದರೆ, ಈಜಿನ ಪಿರಿಯಡ್ ಬಂತೆಂದರೆ ಈ ಬುಗುರಿ ತಿರುಗುವುದನ್ನೇ ಮರೆತುಬಿಡುತ್ತಿತ್ತು.

ಈಜಿ ಬಂದ ಅವಳ ಗೆಳತಿ, ಜೋಡಿಜಡೆ, ನೀರು ತೊಟ್ಟಿಕ್ಕಿಸುತ್ತ ಪಕ್ಕದಲ್ಲಿ ಕೂತಳು.

"ಮತ್ತೆ ಹೊಟ್ಟೆನಾ?"

"ಹೂಂ."

"ನೋಡೇ, ಬೇಜಾರ್ ಮಾಡ್ಕೋಬೇಡ." ಜೋಡಿಜಡೆ ಜಡೆಯ ತುದಿ ಹಿಂಡಿದಳು. "ಆಚೆ ಗೋಡೆ ಮುಟ್ಟಿದವರನ್ನ ಮಾತ್ರ ಕ್ಯಾಂಪಲ್ಲಿ ದೋಣಿಗೆ ಹತ್ತಿಸ್ತಾರಂತೆ. ಒಂದೊಂದು ದೋಣಿಗೆ ಇಬ್ಬರು. ನನ್ನ ಜೊತೆ ಯಾರು ಅಂತ ಸರ್ ಕೇಳಿದ್ರು."

"ನೀನೇನಂದೆ?"

"ಇನ್ನೂ ಏನೂ ಹೇಳಿಲ್ಲ."

'ಇನ್ನೂ' ಎಂಬ ಆ ಪದ ಬುಗುರಿಯ ಕಿವಿಯಲ್ಲಿ ಕೊಳದ ನೀರಿನ ಹಾಗೆ ಹೊಕ್ಕು ಕೂತಿತು. ತಲೆ ಓರೆ ಮಾಡಿ ಕುಣಿದರೂ ಹೊರಗೆ ಬರಲಿಲ್ಲ.

ಸರೋವರದ ಕ್ಯಾಂಪಿಗಾಗಿ ಇಬ್ಬರೂ ರಜೆಯಿಂದಲೇ ಕನಸು ಕಂಡಿದ್ದರು. ದೋಣಿಗೆ ಹೆಸರೂ ಇಟ್ಟಾಗಿತ್ತು. ಆಚೆ ಗೋಡೆ ಮುಟ್ಟುವ ಟೆಸ್ಟಿಗೆ ಉಳಿದಿದ್ದು ಕೆಲವೇ ವಾರ.

ಮನೆಯಲ್ಲಿ ಎಲ್ಲರ ಬಳಿಯೂ ಒಂದೊಂದು ಉಪಾಯವಿತ್ತು.

"ನೀರಿನ ಭಯ, ಅಷ್ಟೇ," ಎಂದರು ಅಪ್ಪ. ಅವರು ಲಿಫ್ಟ್ ರಿಪೇರಿ ಮಾಡುವವರು. ಯಾವ ತೊಂದರೆ ಬಂದರೂ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕುವುದು ಅವರ ಅಭ್ಯಾಸ. "ಬಕೆಟ್‌ನಲ್ಲಿ ಮುಖ ಮುಳುಗಿಸಿ ಪ್ರಾಕ್ಟೀಸ್ ಮಾಡು."

ಬುಗುರಿ ಮುಳುಗಿಸಿದಳು. ನೀರೊಳಗೆ ಕಣ್ಣು ಬಿಟ್ಟಳು, ಗುಳುಗುಳು ಹಾಡು ಹೇಳಿದಳು, ಅಪ್ಪನಿಗಿಂತ ಹೆಚ್ಚು ಹೊತ್ತು ಉಸಿರು ಹಿಡಿದಳು. ಮುಂದಿನ ಪಿರಿಯಡ್‌ನಲ್ಲಿ ಮತ್ತೆ ಅದೇ ಕಂಬಿ, ಅದೇ ಬೆಂಚು.

ಅಮ್ಮ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ನಾಲಗೆ ನೋಡಿದರು, ರಕ್ತ ಪರೀಕ್ಷೆಯೂ ಆಯಿತು. "ಹೊಟ್ಟೆಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ. ಆತಂಕ ಆದಾಗ ಕೆಲವು ಮಕ್ಕಳಿಗೆ ಹೊಟ್ಟೇನೇ ಮಾತಾಡುತ್ತೆ," ಎಂದರು.

"ಏನಂತ ಮಾತಾಡುತ್ತೆ?" ಎಂದು ಜೊತೆಗೆ ಬಂದಿದ್ದ ತಂಗಿ ಕೇಳಿದಳು. ಅವಳಿಗೆ ಮನೆಯಲ್ಲಿ ವಟವಟ ಎಂದು ಹೆಸರು. ಯಾಕೆಂದು ಬೇರೆ ಹೇಳಬೇಕಿಲ್ಲ.

ಅಮ್ಮ ಕೆಲಸ ಮಾಡುವ ಔಷಧಿ ಅಂಗಡಿಗೆ ದಿನಾ ಬರುವ ಒಬ್ಬ ಅಜ್ಜಿ ದಾರಿ ತೋರಿಸಿದರು. ಅವರ ಮೊಮ್ಮಗ ಪರೀಕ್ಷೆ ಎಂದರೆ ನಡುಗುತ್ತಿದ್ದನಂತೆ. ಫೋಟೋ ಸ್ಟುಡಿಯೋ ಮೇಲಿನ ಮಹಡಿಯಲ್ಲಿ ಒಬ್ಬರಿದ್ದಾರೆ, ಮಕ್ಕಳ ಕೈ ಹಿಡಿದು ಏನೋ ಮಾಡುತ್ತಾರೆ, ಅವನಿಗೆ ಬಹಳ ಸಮಾಧಾನವಾಯಿತು ಎಂದರು.

"ಕೈ ಒತ್ತಿದ್ರೆ ಹೆದರಿಕೆ ಹೋಗುತ್ತಾ? ಹಾಗಿದ್ರೆ ನಾವು ಔಷಧಿ ಅಂಗಡಿಯವರು ಏನು ಮಾಡೋಣ?" ಎಂದು ಅಮ್ಮ ನಕ್ಕಿದ್ದರು. ಆದರೂ ಶನಿವಾರ ಮಧ್ಯಾಹ್ನ ಮಕ್ಕಳಿಬ್ಬರನ್ನೂ ಕರೆದುಕೊಂಡು ಆ ಮೆಟ್ಟಿಲು ಹತ್ತಿದರು.

ಬಾಗಿಲ ಮೇಲೆ ಬೋರ್ಡು: ಕಿನೀಸಿಯಾಲಜಿ.

"ಕಿ... ಕಿಣಿ... ಕಿಣಿಕಿಣಿಯಾಲಜಿ!" ಎಂದು ವಟವಟ ಜೋರಾಗಿ ಓದಿದಳು.

"ಅದೇ ಚೆನ್ನಾಗಿದೆ. ಬೋರ್ಡು ಬರೆಸೋ ಮೊದಲು ನಿನ್ನ ಕೇಳಬೇಕಿತ್ತು," ಎಂದು ಒಳಗಿನಿಂದ ನಗು ಕೇಳಿಸಿತು. ಅಂದಿನಿಂದ ಅವರು ಕಿಣಿಕಿಣಿ ಆಂಟಿ.

ಕೋಣೆ ಚಿಕ್ಕದು. ಮೆತ್ತನೆಯ ಉದ್ದ ಮೇಜು, ಅದರ ಮೇಲೆ ಬಿಳಿ ಹಾಸು. ಮೂಲೆಯಲ್ಲಿ ಪ್ಲಾಸ್ಟಿಕ್ ಬೆನ್ನುಮೂಳೆಯೊಂದು ಕೊಕ್ಕೆಗೆ ನೇತಾಡುತ್ತಿತ್ತು. ಫ್ಯಾನು ತಿರುಗಿದಾಗಲೆಲ್ಲ ಅದು ಮೆಲ್ಲಗೆ ಸೊಂಟ ಕುಣಿಸುತ್ತಿತ್ತು. ಗೋಡೆಯ ಚಿತ್ರದಲ್ಲಿ ಒಬ್ಬ ಮನುಷ್ಯ ಚರ್ಮವನ್ನು ಮನೆಯಲ್ಲೇ ಮರೆತು ಬಂದವನಂತೆ ಕೆಂಪು ಕೆಂಪು ಸ್ನಾಯು ತೋರಿಸಿಕೊಂಡು ನಿಂತಿದ್ದ.

"ಡಾಕ್ಟರಿಗೆ ತೋರಿಸಿದ್ರಾ?" ಎಂಬುದೇ ಆಂಟಿಯ ಮೊದಲ ಪ್ರಶ್ನೆ. ಅಮ್ಮ ಹೌದೆಂದರು. "ಒಳ್ಳೇದು. ಅವರ ಕೆಲಸ ನಾನು ಮಾಡಲ್ಲ. ನಂದು ಮೈ ಜೊತೆ ಮಾತಾಡೋ ಕೆಲಸ." ಆಮೇಲೆ ಬುಗುರಿಯ ಕಡೆ ತಿರುಗಿದರು. "ನಿನ್ನ ಕೈ ಮುಟ್ಟಬಹುದಾ?"

ಡಾಕ್ಟರು ಕೂಡ ಹಾಗೆ ಕೇಳಿರಲಿಲ್ಲ. ಬುಗುರಿ ತಲೆಯಾಡಿಸಿದಳು.

"ಒಂದು ಕೈಯನ್ನ ಮುಂದಕ್ಕೆ ನೇರವಾಗಿ ಚಾಚು. ನಾನು ಮೆಲ್ಲಗೆ ಕೆಳಗೆ ಒತ್ತುತೀನಿ. ನೀನು ಬಿಡಬೇಡ. ಕುಸ್ತಿ ಅಲ್ಲ, ಸುಮ್ಮನೆ ನಿಲ್ಲಿಸು, ಅಷ್ಟೇ. ನಾನು ಹೇಳಿದ್ದನ್ನ ಮನಸ್ಸಲ್ಲಿ ನೆನೆಸ್ಕೋ. ನೀರು."

ಬುಗುರಿ ಕಣ್ಣು ಮುಚ್ಚಿ ನೀರನ್ನು ನೆನೆದಳು. ಆಂಟಿ ಒತ್ತಿದರು. ಕೈ ಕದಲಲಿಲ್ಲ.

"ಆಳ. ಕಾಲಿಗೆ ನೆಲ ಸಿಗದಷ್ಟು ಆಳ."

ಕೈ ಬಸ್ಸಿನ ಕಂಬಿಯ ಹಾಗೆ ನಿಂತಿತ್ತು.

"ಸ್ವಲ್ಪ ಸರಿಯಾಗಿ ಒತ್ತಿ ನೋಡಿ," ಎಂದರು ಅಮ್ಮ.

"ಸರಿಯಾಗೇ ಒತ್ತಿದೀನಿ," ಎಂದು ಆಂಟಿ ನಕ್ಕರು. "ಆ ಕೊಳದಲ್ಲಿ ಇನ್ನೇನೇನಿದೆ, ಹೇಳು ನೋಡೋಣ."

"ಕಂಬಿ. ಹಗ್ಗ. ಟೈಲ್ಸ್. ಸೀಟಿ ಸರ್. ಬೆಂಚು." ಬುಗುರಿ ಒಂದೊಂದಾಗಿ ಹೇಳಿದಳು. ಆಂಟಿ ಒಂದೊಂದಕ್ಕೂ ಒತ್ತುತ್ತ ಬಂದರು. ಕೈ ಗಟ್ಟಿಯಾಗಿಯೇ ಇತ್ತು. "ಆಮೇಲೆ... ಸಾಲು."

"ಯಾವ ಸಾಲು?"

"ಹಿಂದೆ ನಿಂತಿರ್ತಾರಲ್ಲ. ಎಲ್ಲರೂ. ನೋಡ್ತಾ."

ಆಂಟಿ ಎರಡು ಬೆರಳಿಟ್ಟರು, ಅಷ್ಟೇ. ಕೈ ಬಾಡಿದ ಸೊಪ್ಪಿನ ದಂಟಿನ ಹಾಗೆ ಕೆಳಗಿಳಿಯಿತು.

"ನೀವು ಜೋರಾಗಿ ಒತ್ತಿದ್ರಿ!" ಎಂದಳು ಬುಗುರಿ.

"ಇರಬಹುದು. ಇನ್ನೊಂದು ಸಲ ನೋಡೋಣ್ವಾ?"

ಈ ಸಲ ಬುಗುರಿ ಹಲ್ಲು ಕಚ್ಚಿ ನಿಂತಳು. ಸಾಲು ಎಂದು ನೆನೆದದ್ದೇ ತಡ, ಭುಜದಿಂದ ಬಲ ಸೋರಿಹೋಯಿತು. ಅವಳು ತನ್ನ ಕೈಯನ್ನೇ ಪಿಳಿಪಿಳಿ ನೋಡಿದಳು. ಅದು ಯಾರದೋ ಕೈಯಂತೆ ಕಂಡಿತು.

"ಆಂಟಿ, ಕೈಗೆ ಎಲ್ಲಾ ನಿಜ ಗೊತ್ತಿರುತ್ತಾ?" ಎಂದಳು ವಟವಟ.

"ಇಲ್ಲಪ್ಪ. ಕೈ ಜ್ಯೋತಿಷ್ಯ ಹೇಳಲ್ಲ. ಅದು ಬಾಗಿಲು ತಟ್ಟುತ್ತೆ, ಅಷ್ಟೇ. ಒಳಗಿಂದ ತೆಗೀಬೇಕಾದವಳು ನಿಮ್ಮಕ್ಕ."

ಯಾರೂ ಅವಸರ ಮಾಡಲಿಲ್ಲ. ಬೆನ್ನುಮೂಳೆ ಒಂದೆರಡು ಸಲ ಸೊಂಟ ಕುಣಿಸಿತು. ಬುಗುರಿಯ ಕಣ್ಣಲ್ಲಿ ನೀರು ತುಂಬಿತು.

"ನನ್ನ ಟೋಪಿ," ಎಂದಳು.

ಹೋದ ಟರ್ಮಿನಲ್ಲಿ ನಡೆದದ್ದು. ಕೊಳದ ನಡುವಿಗೆ ಬಂದಾಗ ಅವಳ ಈಜಿನ ಟೋಪಿ ಕಳಚಿ ತೇಲಿಹೋಗಿತ್ತು. ಅದನ್ನು ಹಿಡಿಯಲು ಹೋಗಿ ನೀರು ಕುಡಿದು ಕೆಮ್ಮಿದಳು. ಕೂದಲೆಲ್ಲ ಮುಖಕ್ಕೆ ಅಂಟಿತು. "ಜೆಲ್ಲಿ ಮೀನು! ಜೆಲ್ಲಿ ಮೀನು!" ಎಂದು ಸಾಲಿನಲ್ಲಿದ್ದ ಒಬ್ಬ ಉದ್ದನೆಯ ಹುಡುಗ ಕೂಗಿದ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಜೋಡಿಜಡೆ ಕೂಡ, ಸ್ವಲ್ಪವೇ ಆದರೂ, ನಕ್ಕಿದ್ದಳು.

"ಅವತ್ತಿಂದ ಕಂಬಿ ಹಿಡಿದ ತಕ್ಷಣ ಅವರ ಕಣ್ಣೆಲ್ಲಾ ನನ್ನ ಬೆನ್ನಿಗೆ ಅಂಟಿಕೊಂಡ ಹಾಗಾಗುತ್ತೆ. ಸ್ಟಿಕ್ಕರ್ ಥರ."

ನೀರಿನ ಭಯವೆಂದು ಮನೆಮಂದಿಯೆಲ್ಲ ತೀರ್ಮಾನಿಸಿದ್ದರು. ಇವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಇವಳೂ ನೀರಿನ ಭಯವೆಂದೇ ಹೇಳುತ್ತಿದ್ದಳೇನೋ.

ಆಂಟಿ ಬುಗುರಿಯ ಅಂಗೈಯನ್ನು ಅವಳ ಹಣೆಯ ಮೇಲೇ ಇಡಿಸಿದರು. ಹಾಗೆ ಇಟ್ಟುಕೊಂಡೇ ಟೋಪಿಯ ಕತೆಯನ್ನು ಮೊದಲಿನಿಂದ ಹೇಳೆಂದರು. ಎರಡನೇ ಸಲ ಹೇಳುವಾಗ ಅಳು ಕಡಿಮೆಯಿತ್ತು. ಮತ್ತೊಂದು ಸಲ ಹೇಳುವಾಗ, ಟೋಪಿ ನಿಜಕ್ಕೂ ಜೆಲ್ಲಿ ಮೀನಿನ ಹಾಗೇ ಇತ್ತೆಂದು ಅವಳಿಗೇ ಅನ್ನಿಸಿತು.

"ಈಗ ಎದ್ದೇಳು. ಅಡ್ಡ ಮಾರ್ಚ್ ಕಲಿಸ್ತೀನಿ. ನಿಂತಲ್ಲೇ ನಡಿಗೆ. ಮಂಡಿ ಎತ್ತಿದಾಗಲೆಲ್ಲಾ ಆಚೆ ಪಕ್ಕದ ಕೈ ಬಂದು ಮುಟ್ಟಬೇಕು. ಎಡ ಮಂಡಿಗೆ ಬಲಗೈ, ಬಲ ಮಂಡಿಗೆ ಎಡಗೈ. ನಿಧಾನ. ಉಸಿರು ಉದ್ದಕ್ಕೆ ಹೊರಗೆ ಬಿಡು, ಬಿಸಿ ಹಾಲು ಆರಿಸೋ ಹಾಗೆ."

ಕೇಳಲು ಸುಲಭ. ಮಾಡಲು ಹೋದರೆ ಕೈಕಾಲುಗಳು ಜಗಳಕ್ಕೆ ಬಿದ್ದವು. ಅಮ್ಮನೂ ಎದ್ದು ಮಾಡಿದರು. ಅವರ ಬಲಗೈ ಹಟ ಹಿಡಿದು ಬಲ ಮಂಡಿಗೇ ಹೋಗುತ್ತಿತ್ತು. ವಟವಟ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಮಾಡಿ ಎಲ್ಲರ ಹೊಟ್ಟೆ ಉರಿಸಿದಳು.

"ಹೆದರಿಕೆ ಇನ್ಮೇಲೆ ಬರಲ್ವಾ?" ಎಂದು ಬುಗುರಿ ಕೇಳಿದಳು.

"ಬರುತ್ತೆ. ಬಂದಾಗ ಮೈಗೊಂದು ಕೆಲಸ ಕೊಡು. ಕೆಲಸ ಇಲ್ಲದ ಮೈಯಲ್ಲಿ ಹೆದರಿಕೆ ಚಾಪೆ ಹಾಸಿ ಮಲಗುತ್ತೆ."

ಅಂದಿನಿಂದ ಮನೆಯಲ್ಲಿ ಯಾರ ಕೈಗೂ ಉಳಿಗಾಲವಿರಲಿಲ್ಲ. ವಟವಟ ಕಂಡಕಂಡವರ ಕೈ ಚಾಚಿಸಿ ಒತ್ತುತ್ತಿದ್ದಳು. ಪೋಸ್ಟ್‌ಮನ್ ಕೈಯೂ ಬಿಡಲಿಲ್ಲ. ಅಪ್ಪನ ಕೈ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಹಾಗಲಕಾಯಿ ಎಂದಳು, ಹಾವು ಎಂದಳು, ಕೊನೆಗೆ ಆ ಕೈಗೆ ಜೋತುಬಿದ್ದು ಉಯ್ಯಾಲೆಯಾಡಿದಳು. ಊಹೂಂ.

"ನಿಮ್ಮ ಸೂಪರ್‌ವೈಸರ್!" ಎಂದಳು.

ಅಪ್ಪನ ಕೈ ದೊಪ್ಪನೆ ಬಿತ್ತು. ಜೊತೆಗೆ ವಟವಟಳೂ ಬಿದ್ದಳು. ಮನೆಯೆಲ್ಲ ನಗು. ಅಪ್ಪ ಬೇಕೆಂದೇ ಬೀಳಿಸಿದರೋ ತಾನಾಗಿ ಬಿತ್ತೋ, ಕೊನೆಗೂ ಗೊತ್ತಾಗಲಿಲ್ಲ.

ಬುಗುರಿ ದಿನಾ ಅಡ್ಡ ಮಾರ್ಚ್ ಮಾಡಿದಳು. ಹಲ್ಲುಜ್ಜುವಾಗ ಒಂದೇ ಕೈ ಬಿಡುವಿದ್ದರೂ ಮಾಡಿದಳು. ಮುಂದಿನ ಈಜಿನ ಪಿರಿಯಡ್‌ಗೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲ ಚಿಲಕ ಹಾಕಿಕೊಂಡು ಮಾಡಿದಳು. ನೀರಿಗಿಳಿದಳು. ಸೀಟಿ ಕೂಗಿತು. ಕಂಬಿ ಬಿಟ್ಟಳು!

ಸ್ವಲ್ಪ ದೂರ ಹೋದಳು. ಹಿಂದಿನಿಂದ ಯಾರೋ ಕೆಮ್ಮಿದರು. ಬೆನ್ನಿಗೆ ಸ್ಟಿಕ್ಕರ್‌ಗಳು ಪಟಪಟನೆ ಅಂಟಿದವು. ಅವಳು ತಿರುಗಿ ಬಂದು ಮತ್ತೆ ಕಂಬಿಯನ್ನೇ ಹಿಡಿದಳು.

"ಎಲ್ಲಾ ಸುಳ್ಳು," ಎಂದಳು ಆ ಶನಿವಾರ, ಮೆತ್ತನೆ ಮೇಜಿನ ಅಂಚಿಗೆ ಕೂತು. "ಕಿಣಿಕಿಣಿ ಕೆಲಸ ಮಾಡಲ್ಲ."

ಆಂಟಿಗೆ ಸಿಟ್ಟು ಬರಲಿಲ್ಲ. "ಕಂಬಿ ಬಿಟ್ಟೆ ತಾನೇ? ಮೊದಲು ಬಿಡ್ತಿದ್ಯಾ?"

"ಇಲ್ಲ."

"ಸರಿ. ನಿನ್ನ ಹೆದರಿಕೆ ಏನು ಅಂತ ಈಗ ಯಾರ್ಯಾರಿಗೆ ಗೊತ್ತು?"

"ನಂಗೆ. ನಿಮಗೆ. ಅಮ್ಮ, ಅಪ್ಪ. ಇವಳಿಗೆ." ವಟವಟ ಕಡೆ ನೋಡಿದಳು. "ಅಂದ್ರೆ ನಮ್ಮ ಬೀದಿಗೆಲ್ಲಾ."

"ನಿಮ್ಮ ಸರ್‌ಗೆ?"

ಬುಗುರಿ ಇಲ್ಲವೆಂದು ತಲೆಯಾಡಿಸಿದಳು.

"ಅವರು ಪಾಪ ನಿನ್ನನ್ನ ನೀರಿಗೆ ಹೆದರೋ ಹುಡುಗಿ ಅಂದ್ಕೊಂಡೇ ಸೀಟಿ ಊದ್ತಿದಾರೆ. ಕೈ ನನಗೆ ಹೇಳ್ತು. ಅವರಿಗೆ ಹೇಳೋಕೆ ಬಾಯಿ ಬೇಕು."

ಟೆಸ್ಟಿನ ದಿನ ಬಂತು. ಕೊಳದ ಸುತ್ತ ಕ್ಲೋರಿನ್ ವಾಸನೆ, ಚಪ್ಪಲಿಗಳ ಚಟಪಟ. ಬುಗುರಿಯ ಹೊಟ್ಟೆ ಬೆಳಿಗ್ಗೆಯಿಂದಲೇ ಹಿಂಡಲು ಶುರು ಮಾಡಿತ್ತು. ಅವಳು ಸಾಲಿನಿಂದ ಹೊರಬಂದು ಸೀಟಿ ಸರ್ ಎದುರು ನಿಂತಳು.

"ಸರ್."

"ಹೊಟ್ಟೆ ನೋವಾ?" ಎಂದರು ಸರ್, ಆಗಲೇ ಬೆಂಚಿನ ಕಡೆ ಕೈ ಎತ್ತುತ್ತ.

"ಹೂಂ. ಆದ್ರೆ ಬೆಂಚು ಬೇಡ." ಅವಳ ದನಿ ಇಲಿಮರಿಯದಾಗಿತ್ತು. "ಸರ್, ನಂಗೆ ನೀರು ಅಂದ್ರೆ ಹೆದರಿಕೆ ಇಲ್ಲ. ಎಲ್ಲರೂ ಹಿಂದೆ ನಿಂತು ನೋಡ್ತಾರಲ್ಲ, ಅದಕ್ಕೆ ಹೆದರಿಕೆ. ಸೀಟಿ ಊದಿದ್ರೆ ಎಲ್ಲರೂ ನನ್ನೇ ನೋಡ್ತಾರೆ. ನಂಗೆ ಸೀಟಿ ಬೇಡ. ಆಮೇಲೆ... ಹೊರಡೋ ಮುಂಚೆ ಒಂದು ಮಾರ್ಚ್ ಮಾಡ್ಬೇಕು."

ಸರ್ ಹುಬ್ಬು ಮೇಲೇರಿತು. ಆಮೇಲೆ ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಇಡೀ ಕ್ಲಾಸು ಬೆರಗಾಗಿ ನೋಡಿತು.

"ಇದನ್ನ ಮುಂಚೆನೇ ಹೇಳೋದಲ್ವೇನಮ್ಮಾ? ಮಾರ್ಚ್ ಮಾಡು. ನಿನಗೆ ಯಾವಾಗ ಅನ್ಸುತ್ತೋ ಆವಾಗ ಹೋಗು."

ಚಿಲಕ ಹಾಕಿಕೊಳ್ಳಲು ಇಲ್ಲಿ ಬಾಗಿಲಿರಲಿಲ್ಲ. ಕೊಳದ ಅಂಚಿನಲ್ಲಿ, ಹಗಲು ಬೆಳಕಿನಲ್ಲಿ, ಸಾಲಿಗೆ ಸಾಲೇ ನೋಡುತ್ತಿರುವಾಗ ಬುಗುರಿ ಎಡ ಮಂಡಿ ಎತ್ತಿದಳು. ಬಲಗೈಯಿಂದ ಮುಟ್ಟಿದಳು. ಬಲ ಮಂಡಿ. ಎಡಗೈ.

"ಏಯ್, ರೋಬೋಟ್ ನೋಡ್ರೋ!" ಎಂದ ಉದ್ದನೆಯ ಹುಡುಗ.

ಕಿಸಿಕಿಸಿ ನಗು ಸಾಲಿನುದ್ದಕ್ಕೂ ಓಡಿತು. ಓಡಿಹೋಗಿ ಟವೆಲ್ ಒಳಗೆ ಸೇರಿಬಿಡಬೇಕು ಎನ್ನಿಸಿತು. ಬುಗುರಿ ಓಡಲಿಲ್ಲ. ಬಿಸಿ ಹಾಲು ಆರಿಸುವ ಹಾಗೆ ಉಸಿರು ಹೊರಬಿಟ್ಟು ಎಡ ಮಂಡಿ ಎತ್ತಿದಳು.

"ಅದು ಹೇಗೇ ಮಾಡೋದು? ನಂಗೂ ಚಳಿ ಆಗ್ತಿದೆ," ಎಂದು ಜೋಡಿಜಡೆ ಸಾಲು ಬಿಟ್ಟು ಅವಳ ಪಕ್ಕಕ್ಕೆ ಬಂದಳು. ನೋಡಿಕೊಂಡು ಶುರು ಮಾಡಿದಳು. ಬಲಗೈ ಬಲ ಮಂಡಿಗೆ ಹೋಗಿ ತಪ್ಪಿತು. "ಅಯ್ಯೋ, ಇದು ಕಷ್ಟ ಕಣೇ!"

"ಇದರಲ್ಲೇನು ಕಷ್ಟ?" ಎಂದು ಇನ್ನೊಬ್ಬ ಹುಡುಗ ಮುಂದೆ ಬಂದು ತಾನೇ ತನ್ನ ಕಾಲಿಗೆ ಸಿಕ್ಕಿಕೊಂಡ. ಮತ್ತೆ ಇಬ್ಬರು ಸೇರಿದರು. ನೋಡನೋಡುತ್ತಿದ್ದಂತೆ ಸಾಲು ಸಾಲಾಗಿ ಉಳಿಯಲಿಲ್ಲ. ಎಲ್ಲರೂ ತಮ್ಮ ತಮ್ಮ ಮಂಡಿ ಹುಡುಕಿಕೊಳ್ಳುವುದರಲ್ಲಿದ್ದರು. ಸೀಟಿ ಸರ್ ಕೂಡ ಯಾರಿಗೂ ಕಾಣದಂತೆ ಒಂದು ಮಂಡಿ ಎತ್ತಿ ನೋಡಿ ಇಳಿಸಿಬಿಟ್ಟರು.

ಬುಗುರಿ ಏಣಿಯಿಂದ ನೀರಿಗಿಳಿದಳು. ಕಂಬಿ ಹಿಡಿದಳು. ಬಿಟ್ಟಳು.

ನೀರು ತಣ್ಣಗೆ ಎರಡೂ ಪಕ್ಕೆ ಸವರಿ ಹಿಂದೆ ಸರಿಯಿತು. ಕೈ ಮುಂದೆ, ಕಾಲು ಹಿಂದೆ. ತಳದ ಟೈಲ್ಸ್ ಕೆಳಕೆಳಗೆ ಇಳಿಯುತ್ತ ಹೋದವು, ಕೊನೆಗೆ ಬರೀ ನೀಲಿ ಉಳಿಯಿತು. ಟೋಪಿ ಕಳಚಿದ್ದು ಇಲ್ಲೇ. ಹಿಂದೆ ದಡದಲ್ಲಿ ಯಾರೋ ಅವಳ ಹೆಸರು ಕೂಗಿದರು. ಬೆನ್ನಿಗೆ ಒಂದು ಕಣ್ಣು ಅಂಟಿತು. ಇನ್ನೊಂದು ಅಂಟಿತು.

ಅಂಟಲಿ ಎಂದುಕೊಂಡಳು ಬುಗುರಿ. ಮೈಗೆ ಕೆಲಸವಿದೆ.

ಬಲಗೈ. ಎಡಗೈ. ಬಾಯಿಂದ ಗುಳುಗುಳು ಉಸಿರು. ನಡುವಿನ ಜಾಗ ಹಿಂದೆ ಉಳಿಯಿತು. ಅದರಾಚೆಗೆ ಅವಳು ಎಂದೂ ಬಂದಿರಲಿಲ್ಲ. ಆಚೆ ಗೋಡೆ ಈಗ ಸುಮ್ಮನೆ ಕೂತಿರಲಿಲ್ಲ, ಅವಳ ಕಡೆಗೇ ನಡೆದು ಬರುತ್ತಿತ್ತು. ಭುಜ ಉರಿಯಿತು. ಮೂಗಿಗೆ ನೀರು ಹೋಯಿತು. ಕೆಮ್ಮಿದಳು, ಕೆಮ್ಮುತ್ತಲೇ ಕೈ ಬೀಸಿದಳು. ಬೆರಳ ತುದಿಗೆ ಏನೋ ಗಟ್ಟಿಯಾಗಿ ತಾಗಿತು.

ಗೋಡೆ!

"ಹೋ!" ಎಂದು ದಡದಲ್ಲಿ ಕೂಗೆದ್ದಿತು. "ಬುಗುರಿ! ದೋಣಿ! ನಮ್ಮ ದೋಣೀ!" ಎಂದು ಜೋಡಿಜಡೆ ಕುಣಿಯುತ್ತಿದ್ದಳು. ಸೀಟಿ ಸರ್ ಸಂತೋಷಕ್ಕೆ ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟವರು, ನೆನಪಾಗಿ ಅದನ್ನು ಮತ್ತೆ ಜೇಬಿಗೆ ಹಾಕಿ ಜೋರಾಗಿ ಚಪ್ಪಾಳೆ ತಟ್ಟಿದರು.

ಬುಗುರಿ ಗೋಡೆಗೆ ಬೆನ್ನು ಕೊಟ್ಟು ಸುಧಾರಿಸಿಕೊಂಡಳು. ಮುಖದ ನೀರು ಒರೆಸಿ ತಲೆಯೆತ್ತಿದಳು.

ಇಷ್ಟು ದಿನದಲ್ಲಿ ಅವಳು ಆ ಸಾಲನ್ನು ಎದುರಿನಿಂದ ನೋಡಿಯೇ ಇರಲಿಲ್ಲ.

ಒಬ್ಬಳು ಕಿವಿಯ ನೀರು ತೆಗೆಯಲು ಕುಂಟಾಟವಾಡುತ್ತಿದ್ದಳು. ಒಬ್ಬ ಟವೆಲ್‌ನಲ್ಲಿ ಮೂಗು ಒರೆಸಿಕೊಂಡು ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿದ. ಇಬ್ಬರು ಇನ್ನೂ ಮಂಡಿಯ ಜಗಳ ಬಗೆಹರಿಸುತ್ತಿದ್ದರು. ಎಲ್ಲರಿಗಿಂತ ಹಿಂದೆ ನಿಂತಿದ್ದ ಉದ್ದನೆಯ ಹುಡುಗ ನಗುತ್ತಿರಲಿಲ್ಲ. ಅವನ ಸರದಿ ಇನ್ನೂ ಬಂದಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು. ಅವನ ಒಂದು ಅಂಗೈ ಹೊಟ್ಟೆಯನ್ನು ಅದುಮಿಕೊಂಡಿತ್ತು.

ಹಾಗೆ ಅದುಮಿಕೊಂಡರೆ ಒಳಗೆ ಏನಾಗುತ್ತಿರುತ್ತದೆ ಎಂದು ಬುಗುರಿಗೆ ಚೆನ್ನಾಗಿ ಗೊತ್ತಿತ್ತು.

"ಏಣಿ ಹತ್ತಿ ಮೇಲೆ ಬಾರಮ್ಮಾ! ಪಾಸು!" ಎಂದು ಸರ್ ಕೂಗಿದರು.

"ಸರ್, ಏಣಿ ಬೇಡ. ಈಜಿಕೊಂಡೇ ವಾಪಸ್ ಬರ್ಲಾ?"

ಉತ್ತರ ಬರುವ ಮೊದಲೇ ಅವಳ ಕಾಲು ಗೋಡೆಯನ್ನು ಒದ್ದಾಗಿತ್ತು. ಈ ಸಲ ಕಣ್ಣುಗಳೆಲ್ಲ ಎದುರಿಗಿದ್ದವು. ಬುಗುರಿ ಅವುಗಳ ಕಡೆಗೇ ಈಜಿದಳು.